ಮೊಟ್ಟೆಯ ಹಳದಿಗೆ ಮೇವಿನಿಂದಲೇ ಬಣ್ಣ: ನನ್ನ ಅನುಭವ

ಹಾವೇರಿ ಜಿಲ್ಲೆಯ ನಮ್ಮ ಹೊಲದಲ್ಲಿ ಸ್ವರ್ಣಧಾರಾ ತಳಿಯ ಕೋಳಿಗಳನ್ನು ಸಾಕಿ ಮೊಟ್ಟೆ ಮಾರುತ್ತೇನೆ. ಗೋವಿನಜೋಳ ತುಟ್ಟಿಯಾದಾಗ ಅದನ್ನು ತಗ್ಗಿಸಿ ಅಕ್ಕಿ ನುಚ್ಚನ್ನು ಹೆಚ್ಚಿಸಿದರೆ ಮೊಟ್ಟೆಗಳ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ, ಆದರೆ ವಾರ ಕಳೆಯುವುದರೊಳಗೆ ಹಳದಿ ಪೇಲವವಾಗಿ, ಗಿರಾಕಿಗಳು ಇದು ಫಾರಂ ಮೊಟ್ಟೆಯೆಂದು ಮುಖ ತಿರುಗಿಸುತ್ತಾರೆ. ಹಳದಿಗೆ ಬಣ್ಣ ಕೊಡುವ ಲ್ಯೂಟೀನ್, ಝಿಯಾಝಾಂಥಿನ್‌ನಂಥ ವರ್ಣದ್ರವ್ಯಗಳನ್ನು ಕೋಳಿ ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು. ತಿಂದದ್ದರಲ್ಲಿ ಇದ್ದರೆ ಮಾತ್ರ ಮೊಟ್ಟೆಗೆ ಇಳಿಯುತ್ತವೆ. ನುಚ್ಚಿನಲ್ಲಿಯೂ ಬಿಳಿ ಜೋಳದಲ್ಲಿಯೂ ಅವು ಬಹಳ ಕಡಿಮೆ.

ಆದ್ದರಿಂದ ಮೊದಲು ಹಳದಿಯ ತಳಪಾಯವನ್ನು ಗಟ್ಟಿ ಮಾಡಿಕೊಂಡೆ. ದಿನವೂ ನುಗ್ಗೆ ಸೊಪ್ಪು ಮತ್ತು ಕುದುರೆ ಮಸಾಲೆ ಸೊಪ್ಪನ್ನು ಕತ್ತರಿಸಿ ಹಾಕುವುದಲ್ಲದೆ, ಹಬ್ಬದ ನಂತರ ಉಳಿಯುವ ಚೆಂಡು ಹೂವಿನ ಎಸಳುಗಳನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ, ನೂರು ಕೆಜಿ ಆಹಾರಕ್ಕೆ ಅರ್ಧ ಕೆಜಿಯಂತೆ ಬೆರೆಸಿದೆ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಬೆಳಕಿಗೂ ಗಾಳಿಗೂ ಲ್ಯೂಟೀನ್ ಕೆಡುತ್ತದೆ. ಹಳದಿ ವರ್ಣದ್ರವ್ಯವನ್ನು ಎಷ್ಟು ಸುರಿದರೂ ಬಣ್ಣ ಹಳದಿಯಾಗಿಯೇ ಗಾಢವಾಗುತ್ತದೆಯೇ ಹೊರತು ಕಿತ್ತಳೆಗೆ ತಿರುಗುವುದಿಲ್ಲ. ಅದಕ್ಕೆ ಕೆಂಪು ಬೇಕು. ಬ್ಯಾಡಗಿ ನಮಗೆ ಹತ್ತಿರವಿರುವುದರಿಂದ ಆ ಮೆಣಸಿನಕಾಯಿಯ ಚೂರುಗಳನ್ನು ಪುಡಿ ಮಾಡಿ ಸ್ವಲ್ಪವೇ ಸೇರಿಸಿದೆ. ಅದರಲ್ಲಿರುವ ಕ್ಯಾಪ್ಸಾಂಥಿನ್ ಕೆಂಪು ಛಾಯೆ ಕೊಡುತ್ತದೆ. ಖಾರದಿಂದ ಕೋಳಿಗಳು ಒದ್ದಾಡಬಹುದೆಂದು ಮನೆಯವರು ಆತಂಕಪಟ್ಟರು, ಆದರೆ ಹಕ್ಕಿಗಳಿಗೆ ಮೆಣಸಿನ ಖಾರ ನಮ್ಮಂತೆ ತಟ್ಟುವುದಿಲ್ಲ. ನೋಡಿಕೊಳ್ಳಬೇಕಾದದ್ದು ಬೂಷ್ಟನ್ನು: ಬೂಷ್ಟು ಹಿಡಿದ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಕೋಳಿಗೂ ಕೇಡು, ಬಣ್ಣಕ್ಕೂ ಕೇಡು.

ಬದಲಾವಣೆ ಮೂರು ನಾಲ್ಕು ದಿನಗಳಲ್ಲೇ ಕಾಣಿಸಿದರೂ ಬಣ್ಣ ನೆಲೆಗೊಳ್ಳಲು ಹತ್ತು ಹನ್ನೆರಡು ದಿನ ಬೇಕು, ಏಕೆಂದರೆ ಹಳದಿ ಭಾಗವು ಸುಮಾರು ಹತ್ತು ದಿನಗಳ ಅವಧಿಯಲ್ಲಿ ಪದರ ಪದರವಾಗಿ ಬೆಳೆಯುತ್ತದೆ. ಈ ವರ್ಣದ್ರವ್ಯಗಳು ಕೊಬ್ಬಿನಲ್ಲಿ ಕರಗುವಂಥವು. ಹೀಗಾಗಿ ಆಹಾರಕ್ಕೆ ಸ್ವಲ್ಪ ಎಣ್ಣೆಯನ್ನೂ ಸೇರಿಸುತ್ತೇನೆ. ಮೇವು ಸರಿಯಿದ್ದೂ ಕೆಲವೇ ಕೋಳಿಗಳ ಮೊಟ್ಟೆ ಪೇಲವವಾದರೆ ಜಂತುಹುಳುವನ್ನೋ ಕರುಳಿಗೆ ತಗಲುವ ಕಾಕ್ಸಿಡಿಯಾ ರೋಗವನ್ನೋ ಅನುಮಾನಿಸಬೇಕು, ಕರುಳು ಕೆಟ್ಟರೆ ಬಣ್ಣ ರಕ್ತಕ್ಕೆ ಸೇರುವುದಿಲ್ಲ. ಹತ್ತಿಕಾಳಿನ ಹಿಂಡಿಯನ್ನಂತೂ ನಾನು ದೂರವಿಟ್ಟಿದ್ದೇನೆ. ಅದರಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತುವಿನಿಂದ, ಅದರಲ್ಲೂ ಮೊಟ್ಟೆ ಕೆಲಕಾಲ ಇಟ್ಟಾಗ, ಹಳದಿ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ.

ಕಿತ್ತಳೆ ಬಣ್ಣದ ಮೊಟ್ಟೆಯಲ್ಲಿ ಪ್ರೋಟೀನ್ ಹೆಚ್ಚೇ ಎಂದು ಕೇಳುವವರಿಗೆ ಇಲ್ಲವೆಂದೇ ಹೇಳುತ್ತೇನೆ. ಲ್ಯೂಟೀನ್ ಹೆಚ್ಚಿರಬಹುದು, ಪ್ರೋಟೀನ್ ಅಷ್ಟೇ. ಹಾಗೆ ಹೇಳಿದ ಮೇಲೂ ಅವರು ಆರಿಸಿಕೊಳ್ಳುವುದು ಕಿತ್ತಳೆ ಹಳದಿಯನ್ನೇ.