ಸಾಬಿ ಸ್ಯಾಂಡ್ ಕಾಡಿನಲ್ಲಿ ಟ್ರ್ಯಾಕರ್ ಬೆನ್ನ ಹಿಂದೆ ಕೂತು

ದಕ್ಷಿಣ ಆಫ್ರಿಕಾದ ಕ್ರೂಗರ್ ನೋಡಲು ಎರಡು ದಾರಿ ಇವೆ. ಬಾಡಿಗೆ ಕಾರು ತೆಗೆದುಕೊಂಡು ರಾಷ್ಟ್ರೀಯ ಉದ್ಯಾನದೊಳಗೆ ನಾವೇ ಸುತ್ತಬಹುದು. ಖರ್ಚು ಕಡಿಮೆ. ಆದರೆ ರಸ್ತೆ ಬಿಟ್ಟು ಇಳಿಯುವಂತಿಲ್ಲ, ಸಂಜೆ ಗೇಟ್ ಹಾಕುವ ಮೊದಲು ಕ್ಯಾಂಪ್ ಸೇರಿಕೊಳ್ಳಬೇಕು. ಇಲ್ಲದಿದ್ದರೆ ಪಕ್ಕದ ಖಾಸಗಿ ಕಾಡುಗಳ ಲಾಡ್ಜ್‌ನಲ್ಲಿ ಉಳಿಯಬಹುದು. ನಾನು ಉಳಿದದ್ದು ಸಾಬಿ ಸ್ಯಾಂಡ್‌ನಲ್ಲಿ. ಸುಮಾರು 65,000 ಹೆಕ್ಟೇರ್ ಕಾಡು ಅದು. ಕ್ರೂಗರ್‌ಗೂ ಇದಕ್ಕೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ತೆಗೆದುಹಾಕಿದರು. ಹಾಗಾಗಿ ಆನೆ, ಸಿಂಹ ಎಲ್ಲವೂ ತಮ್ಮ ಪಾಡಿಗೆ ಆ ಕಡೆ ಈ ಕಡೆ ಓಡಾಡಿಕೊಂಡಿರುತ್ತವೆ.

ದುಬಾರಿ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, ತುಂಬಾ ದುಬಾರಿ. ಕಬಿನಿ, ನಾಗರಹೊಳೆಯಲ್ಲಿ ಸಫಾರಿ ಮಾಡಿದವರಿಗೆ ಒಂದು ಚಡಪಡಿಕೆ ಗೊತ್ತಿರುತ್ತದೆ. ಜಿಂಕೆ ಕೂಗುತ್ತಿರುತ್ತದೆ, ಲಂಟಾನಾ ಪೊದೆಯೊಳಗೆ ಏನೋ ಇದೆ ಅಂತ ಗೊತ್ತು, ಅಷ್ಟರಲ್ಲಿ ಸಮಯ ಮುಗಿಯುತ್ತದೆ. ಸಾಬಿ ಸ್ಯಾಂಡ್‌ನಲ್ಲಿ ನಾವು ದುಡ್ಡು ಕೊಡುವುದು ಮುಖ್ಯವಾಗಿ ಸಮಯಕ್ಕೆ. ಪ್ರಾಣಿಯ ಹಿಂದೆ ರಸ್ತೆ ಬಿಟ್ಟು ಹೋಗಬಹುದು, ಕತ್ತಲಾದ ಮೇಲೂ ಕಾಡಿನಲ್ಲಿರಬಹುದು. ಒಂದು ಪ್ರಾಣಿಯ ಹತ್ತಿರ ಎರಡು-ಮೂರು ಗಾಡಿಗಿಂತ ಹೆಚ್ಚು ನಿಲ್ಲುವುದಿಲ್ಲ. ಉಳಿದವರು ರೇಡಿಯೋದಲ್ಲಿ ಹೇಳಿ ದೂರದಲ್ಲೇ ಸರದಿಗೆ ಕಾಯುತ್ತಾರೆ.

ಅದಕ್ಕೇ ನಾನು ಊರೂರು ಸುತ್ತುವ ಯೋಜನೆ ಬಿಟ್ಟು, ಆ ದುಡ್ಡನ್ನೆಲ್ಲ ಒಂದೇ ಲಾಡ್ಜ್‌ಗೆ ಹಾಕಿದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಸಾಮಾನ್ಯವಾಗಿ ನಾವು ಇರುವಷ್ಟು ದಿನವೂ ಗಾಡಿ ಓಡಿಸುತ್ತ ಕಾಡಿನ ಬಗ್ಗೆ ಹೇಳುವ ಅದೇ ರೇಂಜರ್, ಹೆಜ್ಜೆ ಗುರುತು ನೋಡಿ ಪ್ರಾಣಿ ಹುಡುಕುವ ಅದೇ ಟ್ರ್ಯಾಕರ್ ಜೊತೆಗಿರುತ್ತಾರೆ. ಮೊದಲ ದಿನ ಅವರು ನಮ್ಮನ್ನು ಅಳೆಯುತ್ತಾರೆ. ಎರಡನೇ ದಿನದಿಂದ ನಮ್ಮ ಆಸಕ್ತಿ ನೋಡಿ ಕಾಡನ್ನು ತೋರಿಸುತ್ತಾರೆ.

ಹೋಗಲು ನಾನು ಆರಿಸಿಕೊಂಡದ್ದು ನಮ್ಮ ಮಳೆಗಾಲವನ್ನು. ಅಲ್ಲಿಗೆ ಅದು ಚಳಿಗಾಲ, ಒಣ ಹವೆ. ಎಲೆ ಉದುರಿ ಪೊದೆ ತೆಳ್ಳಗಾಗಿರುತ್ತದೆ, ಪ್ರಾಣಿಗಳು ನೀರಿಗೆ ಬರಲೇಬೇಕು. ಬೆಳಿಗ್ಗೆ ತೆರೆದ ಗಾಡಿಯಲ್ಲಿ ಕೈ ಮರಗಟ್ಟುವಷ್ಟು ಚಳಿ ಇರುತ್ತದೆ. ಟೋಪಿ, ಕೈಗವಸು, ಒಂದರ ಮೇಲೊಂದು ಹಾಕುವ ಬಟ್ಟೆ ಇರಲಿ. ವೀಸಾ ಮೊದಲೇ ಮಾಡಿಸಿಕೊಳ್ಳಬೇಕು. ಅಡಿಸ್ ಅಬಾಬಾ, ನೈರೋಬಿ ಮೂಲಕ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಕಾರ್ಡ್ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಅದು ಮಲೇರಿಯಾ ಇರುವ ಜಾಗ, ಡಾಕ್ಟರ್ ಹತ್ತಿರ ಮಾತ್ರೆ ಕೇಳಿ. ಜೋಹಾನ್ಸ್‌ಬರ್ಗ್‌ನಿಂದ ಕ್ರೂಗರ್ ಒಳಗಿನ ಸ್ಕುಕೂಜಾಗೆ ಚಿಕ್ಕ ವಿಮಾನವಿದೆ. ರಸ್ತೆಯಲ್ಲಾದರೆ ಹೆಚ್ಚುಕಡಿಮೆ ಆರು ಗಂಟೆ.

ಸಸ್ಯಾಹಾರಿಗಳು ಸುಮ್ನೆ 'ವೆಜಿಟೇರಿಯನ್' ಅಂತ ಬರೆದು ಬಿಡಬೇಡಿ. ಮೀನು ಬೇಡ, ಮೊಟ್ಟೆ ಬೇಡ, ಮಾಂಸದ ಸಾರಿನಲ್ಲಿ ಬೇಯಿಸಿದ್ದೂ ಬೇಡ ಅಂತ ಬಿಡಿಸಿ ಬರೆದೆ. ಅಡುಗೆಯವರು ಬಹಳ ಮುತುವರ್ಜಿಯಿಂದ ನೋಡಿಕೊಂಡರು. ಮೆಕ್ಕೆಜೋಳದ ಹಿಟ್ಟಿನ 'ಪಾಪ್' ನಮ್ಮ ಮುದ್ದೆಯ ತಮ್ಮನಂತಿದೆ. ಜೊತೆಗೆ ಖಾರದ 'ಚಕಲಾಕ' ಪಲ್ಯ ಇದ್ದರೆ ಊಟಕ್ಕೆ ಏನೂ ಕೊರತೆಯಿಲ್ಲ.

ಇನ್ನು ಟ್ರ್ಯಾಕರ್ ವಿಷಯ. ಗಾಡಿಯ ಬಾನೆಟ್ ಮೇಲೆ, ಎಡಗಡೆ ಮೂಲೆಯಲ್ಲಿ, ಒಂದು ಪುಟ್ಟ ಸೀಟು. ನಮ್ಮ ಟ್ರ್ಯಾಕರ್ ಕೂರುತ್ತಿದ್ದದ್ದು ಅಲ್ಲಿ. ಕಾಡಿನ ಪಶ್ಚಿಮದ ಬೇಲಿಗೆ ಹೊಂದಿಕೊಂಡ ಹಳ್ಳಿಯವರು, ಶಾಂಗಾನ್ ಜನ. ನಾನು ಮೊದಲ ಸಂಜೆಯೇ ರೇಂಜರ್‌ಗೆ ಹೇಳಿದೆ: 'ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಅನ್ನುವ ಬಿಗ್ ಫೈವ್ ಪಟ್ಟಿ ನನಗೆ ಬೇಡ, ಒಂದು ಚಿರತೆಯನ್ನು ಹುಡುಕುವುದು ಹೇಗೆ ಅಂತ ತೋರಿಸಿ.' ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಮಾರನೇ ಬೆಳಿಗ್ಗೆ ಮರಳು ರಸ್ತೆಯಲ್ಲಿ ಟ್ರ್ಯಾಕರ್ ಕೈ ಎತ್ತಿದರು, ಗಾಡಿ ನಿಂತಿತು. ಸುತ್ತ ಅಪಾಯವಿಲ್ಲ ಅಂತ ನೋಡಿಕೊಂಡು ನನ್ನನ್ನೂ ಇಳಿಸಿಕೊಂಡರು. ಹಿಂದಿನ ರಾತ್ರಿಯ ನಮ್ಮ ಗಾಡಿಯ ಟೈರ್ ಗುರುತಿನ ಮೇಲೆ ಚಿರತೆಯ ಹೆಜ್ಜೆ. ಅಂದರೆ ನಾವು ಹೋದ ಮೇಲೆ ಅದು ನಡೆದಿದೆ. ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬು, ಉಗುರಿನ ಗುರುತಿಲ್ಲ. ಅಂಚು ಇನ್ನೂ ಚೂಪಾಗಿತ್ತು, ಒಂದು ಮರಳಿನ ಕಾಳೂ ಜಾರಿರಲಿಲ್ಲ. ಅವರು ಬೆರಳಿನಿಂದ ಪಕ್ಕದಲ್ಲೇ ಒಂದು ಗೆರೆ ಎಳೆದು, ಅದರ ಅಂಚಿಗೂ ಹೆಜ್ಜೆಯ ಅಂಚಿಗೂ ವ್ಯತ್ಯಾಸ ನೋಡು ಅಂದರು. ಹೆಚ್ಚೇನೂ ಇರಲಿಲ್ಲ, ಅಂದರೆ ಹೆಜ್ಜೆ ಇನ್ನೂ ಹೊಸದು.

ಸ್ವಲ್ಪ ಮುಂದೆ ಹೆಜ್ಜೆಯ ಪಕ್ಕದಲ್ಲಿ ಏನೋ ಎಳೆದುಕೊಂಡು ಹೋದ ಗುರುತು. ಹುಲ್ಲಿನ ಬುಡದಲ್ಲಿ ಇಂಪಾಲ ಎಂಬ ಹುಲ್ಲೆಯ ಕಂದು ಕೂದಲು ಸಿಕ್ಕಿಕೊಂಡಿತ್ತು. ಗಾಡಿ ಹತ್ತಿ, ಪೊದೆ ನುಗ್ಗಿಕೊಂಡು ಹೋದೆವು. ಮರೂಲಾ ಮರದ ಕವಲಿನಲ್ಲಿ ಬೇಟೆ ನೇತಾಡುತ್ತಿತ್ತು, ಅದರ ಮೇಲಿನ ಕೊಂಬೆಯಲ್ಲಿ ಹೆಣ್ಣು ಚಿರತೆ. ಕೆಳಗೆ ಕತ್ತೆಕಿರುಬವೊಂದು ತಲೆ ಎತ್ತಿಕೊಂಡು ಕಾಯುತ್ತಿತ್ತು. ಚಿರತೆ ತಿನ್ನುವಾಗ ಮೇಲಿಂದ ಬೀಳುವ ಚೂರು ಅದರ ಪಾಲು. ನಮ್ಮ ಕಡೆ ಚಿರತೆ ತಿರುಗಿಯೂ ನೋಡಲಿಲ್ಲ. ಅಲ್ಲಿನ ಚಿರತೆಗಳು ದಶಕಗಳಿಂದ, ತಾಯಿಯಿಂದ ಮರಿಗೆ, ಗಾಡಿಗೆ ಒಗ್ಗಿಕೊಂಡು ಬಂದಿವೆ. ಅದು ಗಾಡಿಯನ್ನು, ಒಳಗಿರುವ ನಮ್ಮನ್ನು ಒಂದೇ ಆಕಾರವಾಗಿ ನೋಡುತ್ತದೆ. ಅದಕ್ಕೇ ಎದ್ದು ನಿಲ್ಲಬಾರದು, ಕೈ ಹೊರಗೆ ಚಾಚಬಾರದು. ಗಟ್ಟಿಯಾಗಿ ಮಾತಾಡುವುದಂತೂ ಬೇಡವೇ ಬೇಡ.

ಒಂದು ಗಾಡಿ ಸರದಿಗೆ ಕಾಯುತ್ತಿದೆ ಅಂತ ರೇಡಿಯೋದಲ್ಲಿ ಬಂದಾಗ ನಾವು ಜಾಗ ಬಿಟ್ಟೆವು. ಬೇಜಾರೇನೂ ಆಗಲಿಲ್ಲ. ಆ ಹೊತ್ತಿಗೆ ನನಗೆ ಬೇಕಾದ್ದು ಸಿಕ್ಕಿತ್ತು.

ಘೇಂಡಾಮೃಗದ ಫೋಟೋ ತೆಗೆಯುವ ಮುಂಚೆ ಫೋನಿನ ಲೊಕೇಶನ್ ಆಫ್ ಮಾಡಿ ಅಂತ ರೇಂಜರ್ ಹೇಳಿದರು. ಕೊಂಬಿಗಾಗಿ ಕಳ್ಳಬೇಟೆಯವರು ಅಂಥ ಸುಳಿವನ್ನೇ ಹುಡುಕುತ್ತಿರುತ್ತಾರೆ. ದಯವಿಟ್ಟು ಇದನ್ನು ಯಾರೂ ಹೇಳಿಸಿಕೊಳ್ಳದೆಯೇ ಮಾಡಿ. ಕತ್ತಲಾದ ಮೇಲೆ ರೂಮಿನಿಂದ ಊಟಕ್ಕೆ ಒಬ್ಬರೇ ಹೊರಡಬೇಡಿ, ಕಾವಲಿನವರನ್ನು ಕರೆಯಿರಿ. ಬಹಳಷ್ಟು ಲಾಡ್ಜ್‌ಗಳಿಗೆ ಬೇಲಿ ಇರುವುದಿಲ್ಲ, ಅಂಗಳದಲ್ಲಿ ಆನೆ ನಿಂತಿರಬಹುದು.

ಹೊರಡುವಾಗ ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ರೇಂಜರ್‌ಗೆ ಬೇರೆ, ಟ್ರ್ಯಾಕರ್‌ಗೆ ಬೇರೆ ಕವರ್ ಮಾಡಿ, ನೀವೇ ಕೈಗೆ ಕೊಡಿ. ಮಾತಾಡುವವರು ರೇಂಜರ್ ಆದ್ದರಿಂದ ಎಲ್ಲರಿಗೂ ಅವರ ನೆನಪೇ ಜಾಸ್ತಿ. ಚಿರತೆಯನ್ನು ಹುಡುಕಿದವರು ಮುಂದಿನ ಸೀಟಿನಲ್ಲಿ ನಮಗೆ ಬೆನ್ನು ಹಾಕಿ ಕೂತವರು.