ಕಪ್ಪು ಕಾರಿನ ಜೇಡರ ಬಲೆ ಗೀರು ಹೋಗಿದ್ದು ಹೀಗೆ

ನೆರಳಲ್ಲಿ ಕಾರು ಫಳಫಳ. ಬಿಸಿಲಿಗೆ ತಂದರೆ ಬಾನೆಟ್ ತುಂಬ ಜೇಡರ ಬಲೆಯಂಥ ಸುತ್ತು ಗೀರು. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದರ ಫಲ.

ಟೂತ್‌ಪೇಸ್ಟ್ ಸುಮ್ನೆ ದಂಡ. ವ್ಯಾಕ್ಸ್ ಹಚ್ಚಿದೆ, ಎರಡು ಸಲ ತೊಳೆಯುವಷ್ಟರಲ್ಲಿ ಗೀರು ವಾಪಸ್. ಪೇಂಟನ್ನು ತುಸು ಸವೆಸುವ ಪೇಸ್ಟ್, ಅಂದರೆ ಕಾಂಪೌಂಡ್ ಹಾಕಿ ಕೈಯಲ್ಲೇ ಉಜ್ಜಿದೆ, ತೋಳು ನೋವು ಬಂತು ಅಷ್ಟೇ.

ಕೆಲಸ ಮಾಡಿದ್ದು ಡ್ಯುಯಲ್ ಆಕ್ಷನ್ ಪಾಲಿಷರ್, ಅಂದರೆ ಪ್ಯಾಡ್ ತಿರುಗುವುದರ ಜೊತೆಗೆ ಅತ್ತಿತ್ತ ಅಲುಗುವ ಪಾಲಿಷ್ ಯಂತ್ರ. ಒಂದೇ ಅಕ್ಷದಲ್ಲಿ ಗಿರಗಿರ ತಿರುಗುವ ರೋಟರಿ ಯಂತ್ರ ಬೇಡ, ಹೊಸಬರ ಕೈಯಲ್ಲಿ ಅದು ಪೇಂಟ್ ಸುಟ್ಟುಬಿಡಬಹುದು. ಮೊದಲು ಶಾಂಪೂ ಹಾಕಿ ತೊಳೆದು, ಪೇಂಟಿಗೆ ಅಂಟಿದ ಕೊಳೆ ಎತ್ತುವ ಮೆತ್ತನೆಯ ಕ್ಲೇ ಬಾರ್ ಆಡಿಸಿ, ಪ್ಲಾಸ್ಟಿಕ್ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಮೀಡಿಯಂ ಫೋಮ್ ಪ್ಯಾಡಿಗೆ ಬಟಾಣಿ ಗಾತ್ರದ 4 ಹನಿ ಪಾಲಿಷ್. ಒಂದು ಸಲಕ್ಕೆ 2 ಅಡಿ ಚೌಕ ಮಾತ್ರ. ಸ್ಪೀಡ್ 1ರಲ್ಲಿ ಹರಡಿ, ಆಮೇಲೆ 4ಕ್ಕೆ ಏರಿಸಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಒಟ್ಟು 6 ಸಲ. ಕೈ ನಿಧಾನ, ಸೆಕೆಂಡಿಗೆ ಒಂದು ಇಂಚಿನಷ್ಟು. ಪ್ಯಾಡ್ ತಿರುಗುವುದು ನಿಂತರೆ ಜಾಸ್ತಿ ಒತ್ತುತ್ತಿದ್ದೀರಿ ಎಂದರ್ಥ. ನೆರಳಲ್ಲೇ, ಬಾನೆಟ್ ತಣ್ಣಗಿರುವಾಗ ಮಾಡಿ.

ಪ್ರತಿ ಚೌಕ ಮುಗಿದ ಮೇಲೆ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿದೆ. ಪಾಲಿಷಿನ ಎಣ್ಣೆ ಗೀರು ಮುಚ್ಚಿಡುತ್ತದೆ, ಅದಕ್ಕೇ.

ಉಗುರಿಗೆ ತಡೆಯುವ ಗೀರು ಇದರಿಂದ ಹೋಗುವುದಿಲ್ಲ. ಬಲ ಬಾಗಿಲ ಮೇಲೆ ಅಂಥದ್ದೊಂದು ಹಾಗೇ ಇದೆ.