ರಿಪೋರ್ಟ್ ಎಲ್ಲ ನಾರ್ಮಲ್, ಸುಸ್ತು ಮಾತ್ರ ಹಾಗೇ ಇದೆ: ಕ್ರಾನಿಕ್ ಫಟೀಗ್ ಸಿಂಡ್ರೋಮ್ ಗುರುತಿಸುವ ಬಗೆ

ತಿಂಗಳುಗಟ್ಟಲೆ ಬಿಡದ ಸುಸ್ತಿನ ಕಾಯಿಲೆಯಾದ ಕ್ರಾನಿಕ್ ಫಟೀಗ್ ಸಿಂಡ್ರೋಮನ್ನು ಹಿಡಿದುಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇನ್ನೂ ಬಂದಿಲ್ಲ. ರಿಪೋರ್ಟ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ನಿರ್ಣಯ ನಿಂತಿರುವುದು ನೀವು ಡಾಕ್ಟರಿಗೆ ಒದಗಿಸುವ ವಿವರದ ಮೇಲೆ.

ಮಾನದಂಡಗಳೂ ಗೊಂದಲ ಹೆಚ್ಚಿಸಿವೆ. ಫುಕುಡಾ ಎಂಬ ಸಂಶೋಧಕರ ತಂಡ 1994ರಲ್ಲಿ ಮಾಡಿದ ಪಟ್ಟಿಯ ಪ್ರಕಾರ ಆರು ತಿಂಗಳ ಸುಸ್ತು, ಜೊತೆಗೆ ಎಂಟರಲ್ಲಿ ನಾಲ್ಕು ಲಕ್ಷಣ ಇದ್ದರೆ ಸಾಕಿತ್ತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಮೂರನ್ನು ಕಡ್ಡಾಯ ಮಾಡಿತು: ಮೊದಲಿನ ಕೆಲಸಗಳನ್ನು ಮಾಡಲಾಗದಷ್ಟು ಸುಸ್ತು ಆರು ತಿಂಗಳು ಮೀರಿರಬೇಕು, ಶ್ರಮಪಟ್ಟ ಮೇಲೆ ದೇಹ ಕುಸಿಯಬೇಕು, ಎಷ್ಟು ಮಲಗಿದರೂ ಆಯಾಸ ಆರಬಾರದು. ಇವುಗಳ ಜೊತೆಗೆ ಮಂಕು ಕವಿದಂಥ ಮರೆವು, ಇಲ್ಲವೇ ನಿಂತಾಗ ಹೆಚ್ಚುವ ತಲೆಸುತ್ತು ಇರಬೇಕು. ಬ್ರಿಟನ್ನಿನ 2021ರ ಮಾರ್ಗಸೂಚಿಗೆ ಮೂರು ತಿಂಗಳೇ ಸಾಕು.

ಇವುಗಳಲ್ಲಿ ಕೀಲಿ ಇರುವುದು ಶ್ರಮದ ನಂತರದ ಕುಸಿತದಲ್ಲಿ. ಅದು ತಪ್ಪಿಹೋಗುವುದೂ ಸುಲಭ, ಏಕೆಂದರೆ ಬಹಳ ಸಲ 12ರಿಂದ 48 ಗಂಟೆ ತಡವಾಗಿ ಬರುತ್ತದೆ. ಸೋಮವಾರ ಸಂತೆಗೆ ಹೋಗಿಬಂದವರು ಬುಧವಾರ ಹಾಸಿಗೆ ಹಿಡಿದರೆ ಸಂತೆಯ ನೆನಪು ಯಾರಿಗೂ ಬರುವುದಿಲ್ಲ. ಹಾಗಾಗಿ ಎರಡು ವಾರ ಬರೆದಿಡಿ: ಏನು ಮಾಡಿದಿರಿ, ಎಷ್ಟು ನಿಮಿಷ, ಅಂದು, ಮರುದಿನ, ಮೂರನೆಯ ದಿನ ಹೇಗಿತ್ತು, ಚೇತರಿಸಲು ಎಷ್ಟು ದಿನ ಹಿಡಿಯಿತು. ಫೋನಿನಲ್ಲಿ ದೀರ್ಘವಾಗಿ ಮಾತಾಡಿದ್ದು, ಲೆಕ್ಕ ಬರೆದದ್ದು ಕೂಡ ಶ್ರಮವೇ. ಪರೀಕ್ಷಿಸಿ ನೋಡೋಣವೆಂದು ಬೇಕೆಂದೇ ದಣಿಯಬೇಡಿ. ಆ ಕುಸಿತ ವಾರಗಟ್ಟಲೆ ಉಳಿಯಬಹುದು.

ಸುಸ್ತಿಗೆ ಬೇರೆ ಕಾರಣಗಳಿವೆಯೇ ಎಂದು ನೋಡಲೇಬೇಕು: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಬಿ12, ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಸಕ್ಕರೆ ಕಾಯಿಲೆ), ಕಿಡ್ನಿ, ಲಿವರ್, ಕ್ಯಾಲ್ಸಿಯಂ, ಇಎಸ್‌ಆರ್ (ಉರಿಯೂತ), ಮೂತ್ರ. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ ಕ್ಷಯದ ತಪಾಸಣೆ. ಜೋರು ಗೊರಕೆಯಿದ್ದರೆ ನಿದ್ರೆಯ ಪರೀಕ್ಷೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ರಕ್ತಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ಅದು ಥೈರಾಯ್ಡ್ ಅಂಕಿಗಳನ್ನು ಕೆಡಿಸುತ್ತದೆ.

ನಿಂತಾಗಿನ ತೊಂದರೆಯನ್ನು ಕ್ಲಿನಿಕ್ಕಿನಲ್ಲೇ ಅಳೆಯಬಹುದು. ಹತ್ತು ನಿಮಿಷ ಮಲಗಿಸಿ ನಾಡಿ, ಬಿಪಿ ನೋಡಿ, ಹಿಮ್ಮಡಿ ಗೋಡೆಯಿಂದ 15 ಸೆಂ.ಮೀ. ದೂರವಿರುವಂತೆ ಗೋಡೆಗೊರಗಿಸಿ ಹತ್ತು ನಿಮಿಷ ನಿಲ್ಲಿಸಿ, ನಿಮಿಷಕ್ಕೊಮ್ಮೆ ಅಳೆಯುತ್ತಾರೆ. ಬಿಪಿ ಬೀಳದೆ ನಾಡಿ ಮಲಗಿದ್ದಾಗಿಗಿಂತ ನಿಮಿಷಕ್ಕೆ 30 ಬಡಿತಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ ಪಾಟ್ಸ್ (ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಇರಬಹುದು. ಹದಿಹರೆಯದವರಲ್ಲಿ ಆ ಗಡಿ 40. ಕಣ್ಣು ಕತ್ತಲಿಟ್ಟರೆ ತಕ್ಷಣ ಮಲಗಿಸಬೇಕು.

ಖಿನ್ನತೆಯೊಂದಿಗೆ ಕಲಸಿಬಿಡುವುದು ಅತಿ ಸಾಮಾನ್ಯ ತಪ್ಪು. ಖಿನ್ನತೆಯಲ್ಲಿ ಯಾವುದರಲ್ಲೂ ಮನಸ್ಸಿರುವುದಿಲ್ಲ, ನಡಿಗೆ, ವ್ಯಾಯಾಮದಿಂದ ಸಾಮಾನ್ಯವಾಗಿ ಹಗುರಾಗುತ್ತದೆ. ಕ್ರಾನಿಕ್ ಫಟೀಗ್‌ನಲ್ಲಿ ಮನಸ್ಸು ಹಾತೊರೆಯುತ್ತದೆ, ವ್ಯಾಯಾಮವೇ ಮಲಗಿಸುತ್ತದೆ. ಎರಡೂ ಒಟ್ಟಿಗಿರುವುದೂ ಉಂಟು. ‘ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸಿ’ ಎಂಬ ಸಲಹೆ ಸಿಕ್ಕರೆ ನಿಮ್ಮ ಎರಡು ವಾರದ ಬರಹವನ್ನು ಮುಂದಿಟ್ಟು ಮಾತಾಡಿ; ಆ ಕ್ರಮವನ್ನು ಬ್ರಿಟನ್ 2021ರಲ್ಲೇ ಕೈಬಿಟ್ಟಿದೆ.